ವಿಂಗಡಿಸುವ ಮುನ್ನ ಕಣ್ಣನ್ನೂ ಪರೀಕ್ಷಿಸಿ

ಕಲ್ಲು, ಎಲೆ, ಮೋಡ, ಗ್ಯಾಲಕ್ಸಿ ಯಾವುದನ್ನೇ ವಿಂಗಡಿಸಲು ಕೂತರೂ ಮೊದಲು ಒಂದು ವಾಕ್ಯ ಬರೆದಿಟ್ಟುಕೊಳ್ಳಿ: ಈ ಗುಂಪುಗಳಿಂದ ಆಗಬೇಕಾದ ಕೆಲಸ ಏನು? ಗಿಡವನ್ನು ಬೇಗ ಗುರುತಿಸಬೇಕೋ, ಅದರ ವಂಶದ ನಂಟು ತಿಳಿಯಬೇಕೋ? ಎರಡಕ್ಕೂ ಒಂದೇ ಪಟ್ಟಿ ಒದಗುವುದು ಅಪರೂಪ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಗಿಡಗಳನ್ನು 24 ವರ್ಗಗಳಿಗೆ ಹಂಚಿದ್ದು ಬಹುಪಾಲು ಹೂವಿನ ಕೇಸರಗಳನ್ನು (ಪರಾಗ ಹೊರುವ ಎಳೆಗಳನ್ನು) ಎಣಿಸಿ. ಹೂವು ಕೈಯಲ್ಲಿದ್ದರೆ ಸಲೀಸಾದ ಕೆಲಸ. ಆದರೆ ಮೂರು ಕೇಸರದ ಗೋಧಿ ಒಂದು ಕಡೆ, ಆರು ಕೇಸರದ ಭತ್ತ ಇನ್ನೊಂದು ಕಡೆ ಹೋದವು. ಎರಡೂ ಹುಲ್ಲಿನ ಕುಟುಂಬದವೇ!

ಮೂರರಿಂದ ಐದು ಲಕ್ಷಣ ಆರಿಸಿ. ‘ದೊಡ್ಡದು’, ‘ಒರಟು’ ಎಂದು ಬರೆದರೆ ನಾಳೆ ನಿಮಗೇ ಅರ್ಥ ಬದಲಾಗಿರುತ್ತದೆ. ‘ಉದ್ದ 5 ಸೆಂ.ಮೀ. ಅಥವಾ ಹೆಚ್ಚು’ ಎಂದು ಬರೆಯಿರಿ. ಸರಿಯಾಗಿ 5 ಬಂದರೆ ಎಲ್ಲಿಗೆ ಎಂಬ ಜಗಳ ಅಲ್ಲೇ ಮುಗಿಯಿತು. ಬಣ್ಣವನ್ನು ನೆಚ್ಚುವುದಾದರೆ ಬೆಳಕು ಒಂದೇ ಇರಲಿ, ಮಾದರಿಗಳೆಲ್ಲ ಒಣಗಿರಲಿ, ಏಕೆಂದರೆ ಒದ್ದೆ ಕಲ್ಲು ಗಾಢವಾಗಿ ಕಾಣುತ್ತದೆ. ‘ಇತರೆ’ ಎಂಬ ಗುಂಪು ಬೇಕೇ ಬೇಕು. ಇಲ್ಲದಿದ್ದರೆ ಎಲ್ಲೂ ಸೇರದ ಮಾದರಿಯನ್ನು ಎಲ್ಲೋ ತುರುಕುತ್ತೀರಿ, ತುರುಕಿದ್ದು ದಾಖಲೆಯಲ್ಲಿ ಕಾಣುವುದೂ ಇಲ್ಲ.

ಇನ್ನು ಕಣ್ಣಿನ ಸರದಿ. ಎಲ್ಲ ಮಾದರಿಗಳಿಗೂ ಸಂಖ್ಯೆ ಕೊಟ್ಟು, ಎಲ್ಲಿಂದ ಬಂದವು ಎಂಬುದನ್ನು ಮುಚ್ಚಿಟ್ಟು, ಕಲೆಸಿ, ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣಬಾರದು. ಎರಡು ವಾರ ಬಿಟ್ಟು ಅದೇ ಮಾದರಿಗಳನ್ನು ಅದೇ ವ್ಯಕ್ತಿಗೆ ಮತ್ತೆ ಕೊಡಿ. ತನ್ನ ಜೊತೆಗೇ ಒಪ್ಪದವರು ಎಷ್ಟು ಜನ ಎಂದು ನೋಡಿದರೆ ಅಚ್ಚರಿಯಾಗುತ್ತದೆ.

ಒಪ್ಪಿಗೆಯ ಶೇಕಡಾವಾರು ನೋಡಿ ಹಿಗ್ಗಬೇಡಿ. 100 ಎಲೆಗಳಲ್ಲಿ ‘ಹಲ್ಲಂಚು (ಗರಗಸದಂಥ ಅಂಚು) ಇದೆ’ ಎಂದು ಮೊದಲನೆಯವರು 60ಕ್ಕೆ, ಎರಡನೆಯವರು 70ಕ್ಕೆ ಹೇಳಿದರು ಎನ್ನೋಣ. ಇಬ್ಬರೂ ‘ಇದೆ’ ಎಂದದ್ದು 55, ಇಬ್ಬರೂ ‘ಇಲ್ಲ’ ಎಂದದ್ದು 25. ಒಪ್ಪಿಗೆ 0.80. ಆದರೆ ಇದೇ ಅನುಪಾತದಲ್ಲಿ ಕಣ್ಣುಮುಚ್ಚಿ ಹೇಳಿದ್ದರೂ (0.6×0.7)+(0.4×0.3)=0.54 ಒಪ್ಪಿಗೆ ಸಿಗುತ್ತಿತ್ತು. ಹಾಗಾಗಿ ಆಕಸ್ಮಿಕವಾಗಿ ಸಿಗುವ ಒಪ್ಪಿಗೆಯನ್ನು ಕಳೆದು ಉಳಿದದ್ದನ್ನು ನೋಡಬೇಕು: (0.80−0.54)÷(1−0.54), ಅಂದರೆ ಸುಮಾರು 0.57. ಇದೇ ಮನೋವಿಜ್ಞಾನಿ ಜೇಕಬ್ ಕೋಹೆನ್ 1960ರಲ್ಲಿ ಮುಂದಿಟ್ಟ ‘ಕಾಪಾ’ ಎಂಬ ಅಳತೆ; 1 ಬಂದರೆ ಪೂರ್ಣ ಒಪ್ಪಿಗೆ. ಇಷ್ಟೇ ಬಂದರೆ ನಿಯಮದ ಮಾತನ್ನು ತಿದ್ದಿ, ಹೊಸ ಮಾದರಿಗಳ ಮೇಲೆ ಮತ್ತೆ ಪರೀಕ್ಷಿಸಿ. ಭಿನ್ನಮತ ಬಂದ 20 ಎಲೆಗಳನ್ನು ಒಂದೆಡೆ ಹರಡಿ ನೋಡಿ: ಒಂದೇ ಬಗೆಯವಾದರೆ ಗೆರೆ ಎಳೆದ ಜಾಗ ತಪ್ಪಿದೆ, ಚದುರಿದ್ದರೆ ಗಮನ ತಪ್ಪಿದೆ. ಬಹುಮತಕ್ಕೆ ಬಿಟ್ಟರೆ ಈ ಸುಳಿವೇ ಕೈತಪ್ಪುತ್ತದೆ.

ಎಲ್ಲರೂ ಒಪ್ಪಿದರೂ ಎಲ್ಲರ ಕಣ್ಣೂ ಒಂದೇ ಕಡೆ ವಾಲಿರಬಹುದು. 2007ರಲ್ಲಿ ಶುರುವಾದ ‘ಗ್ಯಾಲಕ್ಸಿ ಝೂ’ ಎಂಬ ಅಂತರ್ಜಾಲ ಯೋಜನೆಯಲ್ಲಿ ಸಾರ್ವಜನಿಕರು ಸುರುಳಿ ಗ್ಯಾಲಕ್ಸಿಗಳನ್ನು ನೋಡಿ, ಅಪ್ರದಕ್ಷಿಣವಾಗಿ ಸುತ್ತುವವೇ ಹೆಚ್ಚೆಂದು ಗುರುತಿಸಿದರು. ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸಿದಾಗಲೂ ಅದೇ ಉತ್ತರ! ವಾಲಿದ್ದು ಆಕಾಶವಲ್ಲ, ನೋಡುವವರು. ಎಡ-ಬಲ, ಮೇಲೆ-ಕೆಳಗೆ ಎಂಬ ಭೇದ ಇರುವ ಕಡೆಯೆಲ್ಲ ಹತ್ತರಲ್ಲಿ ಒಂದು ಚಿತ್ರವನ್ನಾದರೂ ಹೀಗೆ ತಿರುಗಿಸಿ ಬೆರೆಸಿ.

ದಾಖಲೆಯಲ್ಲಿ ಗುಂಪಿನ ಹೆಸರಿನ ಜೊತೆ ನೋಡಿದವರು, ದಿನಾಂಕ, ನಿಯಮದ ಆವೃತ್ತಿ, ಮೂಲ ಅಳತೆ ಇವಿಷ್ಟೂ ಇರಲಿ. 2006ರಲ್ಲಿ ಗ್ರಹದ ವ್ಯಾಖ್ಯೆ ಬದಲಾಗಿ ಪ್ಲೂಟೋ ಗ್ರಹಗಳ ಪಟ್ಟಿಯಿಂದ ಹೊರಬಿದ್ದಾಗ ಅದರ ಕಕ್ಷೆಯ ಲೆಕ್ಕಗಳನ್ನು ಯಾರೂ ತಿದ್ದಬೇಕಾಗಲಿಲ್ಲ. ಅಳತೆ ಎಸೆದು ಬರೀ ಹೆಸರು ಉಳಿಸಿಕೊಂಡಿದ್ದರೆ, ನಿಯಮ ಬದಲಾದ ದಿನ ಎಲ್ಲ ಮಾದರಿಗಳನ್ನೂ ಮತ್ತೆ ಕೈಗೆತ್ತಿಕೊಳ್ಳಬೇಕು.