ಗಜಕರ್ಣದ ಗುಳಿಗೆ ನುಂಗುವ ಮುನ್ನ: ಹೊಟ್ಟೆತುಂಬ ರೊಟ್ಟಿ ಬೇಕು, ಗ್ಯಾಸಿನ ಗುಳಿಗೆ ಬೇಡ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಹಗ್ಗದ ಮೇಲಿನ ಜೀನ್ಸ್ ಪ್ಯಾಂಟು ಎರಡು ದಿನವಾದರೂ ಒಣಗುವುದಿಲ್ಲ. ಅದನ್ನೇ ಅರೆಹಸಿಯಲ್ಲಿ ತೊಟ್ಟು ಕೆಲಸಕ್ಕೆ ಓಡುವವರ ತೊಡೆಸಂದಿಯಲ್ಲಿ, ಸೊಂಟದ ಸುತ್ತ ಗಜಕರ್ಣ ಏಳುತ್ತದೆ. ಹುಳುಕಡ್ಡಿ ಎಂದರೂ ಇದೇ. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಅಂದರೆ ಫಂಗಸ್. ಮೈಯ ಹಲವು ಕಡೆ ಹಬ್ಬಿದಾಗ, ಮುಲಾಮಿಗೆ ಬಗ್ಗದಾಗ ವೈದ್ಯರು ನುಂಗುವ ಔಷಧಿ ಬರೆಯುತ್ತಾರೆ. ‘ಗುಳಿಗಿ ತಗೊಂಡೆ, ಏನೂ ಆಗ್ಲಿಲ್ರೀ’ ಎನ್ನುವವರು ಅದನ್ನು ಯಾವಾಗ, ಯಾವುದರ ಜೊತೆ ನುಂಗಿದರು ಎಂಬುದನ್ನು ಮೊದಲು ಕೇಳಬೇಕು.

ಮೊದಲು ಸ್ಟ್ರಿಪ್ ತಿರುವಿ ಓದಿ

ಕಂಪನಿಯ ಹೆಸರು ದೊಡ್ಡದಾಗಿರುತ್ತದೆ, ಔಷಧಿಯ ಹೆಸರು ಸಣ್ಣಕ್ಷರದಲ್ಲಿರುತ್ತದೆ. ನಿಮಗೆ ಬೇಕಾದದ್ದು ಆ ಸಣ್ಣಕ್ಷರ. ಇಟ್ರಾಕೊನಜೋಲ್, ಟರ್ಬಿನಾಫೈನ್, ಫ್ಲುಕೊನಜೋಲ್, ಗ್ರಿಸಿಯೊಫಲ್ವಿನ್ – ಇವುಗಳಲ್ಲಿ ಒಂದು ಇರುತ್ತದೆ. ಟರ್ಬಿನಾಫೈನ್ ಮತ್ತು ಫ್ಲುಕೊನಜೋಲ್‌ಗೆ ಊಟದ ಕಟ್ಟಳೆ ಇಲ್ಲ, ಆದರೆ ಹೊತ್ತು ತಪ್ಪಿಸಬಾರದು. ಗ್ರಿಸಿಯೊಫಲ್ವಿನ್ ಅನ್ನು ಜಿಡ್ಡಿನ ಊಟದ ಜೊತೆ ಕೊಡಬೇಕು. ಮಕ್ಕಳ ತಲೆಯ ಗಜಕರ್ಣಕ್ಕೆ ಇದನ್ನು ಆರೆಂಟು ವಾರ ಕೊಡುವುದುಂಟು. ಎಲ್ಲಕ್ಕಿಂತ ನಾಜೂಕಿನದು ಇಟ್ರಾಕೊನಜೋಲ್.

ಇಟ್ರಾಕೊನಜೋಲ್ ಕ್ಯಾಪ್ಸೂಲಿನೊಳಗೆ ಪುಡಿ ಇರುವುದಿಲ್ಲ, ಸಾಬೂದಾನಿಯನ್ನೂ ಸಣ್ಣದು ಮಾಡಿದಂಥ ಗುಂಡುಗಳಿರುತ್ತವೆ. ಒಂದೊಂದು ಗುಂಡಿನ ಮೇಲೂ ಔಷಧಿಯ ಲೇಪ. ಈ ಔಷಧಿ ನೀರಿನಲ್ಲಿ ಕರಗುವುದಿಲ್ಲ. ಜಠರದ ಆಮ್ಲದಲ್ಲಿ ಮಾತ್ರ ಕರಗುತ್ತದೆ. ಹೊಟ್ಟೆತುಂಬ ಉಂಡಾಗ ಆಮ್ಲ ಚೆನ್ನಾಗಿ ಸುರಿಯುತ್ತದೆ, ಗುಂಡುಗಳು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಆದ್ದರಿಂದ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಉಂಡು ಕೈ ತೊಳೆದ ಕೂಡಲೇ ಇಡೀ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿ. ಬಿಚ್ಚಬೇಡಿ, ಅಗಿಯಬೇಡಿ. ಚಹಾದ ಜೊತೆಗಿನ ಎರಡು ಬಿಸ್ಕಿಟು ಊಟವಲ್ಲ. ಶ್ರಾವಣ ಸೋಮವಾರದ ಉಪವಾಸವಿದ್ದರೆ ರಾತ್ರಿಯ ಊಟದ ಮೇಲೆ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಲ ಬರೆದಿದ್ದರೆ ಆ ದಿನ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

‘ಸುಬಾ’ ಎಂದು ಬರೆದ ಇಟ್ರಾಕೊನಜೋಲ್ ಬೇರೆ ಬಗೆಯದು. ಅದು ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡಿದ್ದು. ಸಾದಾ 100 ಮಿಲಿಗ್ರಾಂ ಮಾಡುವ ಕೆಲಸವನ್ನು ಇದರ 65 ಮಿಲಿಗ್ರಾಂ ಮಾಡುತ್ತದೆ. ಅಂಕಿ ಸಣ್ಣದಿದೆಯೆಂದು ಎರಡು ನುಂಗಬೇಡಿ, ಅಂಗಡಿಯವರು ‘ಎರಡೂ ಒಂದs ರೀ’ ಎಂದರೂ ಅದಲುಬದಲು ಮಾಡಿಕೊಳ್ಳಬೇಡಿ.

ಗ್ಯಾಸಿನ ಗುಳಿಗೆಯ ಕಿತಾಪತಿ

ಯಾವ ಔಷಧಿ ಕೊಂಡರೂ ಜೊತೆಗೊಂದು ಗ್ಯಾಸಿನ ಗುಳಿಗೆ ಇರಲಿ ಎನ್ನುವ ರೂಢಿ ನಮ್ಮಲ್ಲಿದೆ. ಸಾದಾ ಇಟ್ರಾಕೊನಜೋಲ್‌ಗೆ ಇದೇ ಮುಳುವು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಆಮ್ಲವನ್ನೇ ಇಳಿಸುತ್ತವೆ. ಆಮ್ಲವಿಲ್ಲದೆ ಗುಂಡುಗಳು ಸರಿಯಾಗಿ ಕರಗುವುದಿಲ್ಲ. ದುಡ್ಡು ಕೊಟ್ಟು ಕೊಂಡ ಔಷಧಿಯಲ್ಲಿ ಹೆಚ್ಚಿನ ಪಾಲು ಮರುದಿನ ಹೊರಗೆ ಹೋಗುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಅಂತರ ಬಿಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಅವುಗಳ ಪ್ರಭಾವ ಹೆಚ್ಚುಕಡಿಮೆ ಇಡೀ ದಿನ ಇರುತ್ತದೆ. ಪ್ಯಾಂಟೊಪ್ರಜೋಲ್ ಜೊತೆ ವಾಂತಿ ತಡೆಯುವ ಡೊಂಪೆರಿಡೋನ್ ಕೂಡಿಸಿದ ಗುಳಿಗೆ ಇನ್ನೂ ಕೆಟ್ಟದ್ದು: ಇಟ್ರಾಕೊನಜೋಲ್ ಡೊಂಪೆರಿಡೋನಿನ ಪ್ರಮಾಣವನ್ನು ರಕ್ತದಲ್ಲಿ ಏರಿಸಿ ಹೃದಯದ ಬಡಿತವನ್ನೇ ಹಳಿ ತಪ್ಪಿಸಬಹುದು. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿ ಬೇಕೇಬೇಕಾದರೆ ಎರಡು ತಾಸು ಹಿಂದೆ ಮುಂದೆ ಇರಲಿ. ಜಠರದ ಹುಣ್ಣಿನ ಕಾರಣಕ್ಕೆ ಗ್ಯಾಸಿನ ಗುಳಿಗೆ ನಿಲ್ಲಿಸಲಾಗದವರು ವೈದ್ಯರಿಗೆ ಹೇಳಿದರೆ ಬೇರೆ ಔಷಧಿ ಬರೆಯುತ್ತಾರೆ.

ಮನೆಯ ಔಷಧಿಗಳೆಲ್ಲ ಒಂದು ಚೀಲದಲ್ಲಿ

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ‌ಗೆ ಹೋಗಲಿ, ಗದಗ–ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಲಿ, ಖಾಸಗಿ ಚರ್ಮವೈದ್ಯರ ಹತ್ತಿರ ಹೋಗಲಿ, ದಿನವೂ ನುಂಗುವ ಎಲ್ಲ ಗುಳಿಗೆಗಳ ಸ್ಟ್ರಿಪ್ ಒಯ್ಯಿರಿ. ‘ಬಿಳಿ ಗುಳಿಗಿ, ಬಿಪಿದು’ ಎಂದರೆ ಯಾರಿಗೂ ತಿಳಿಯುವುದಿಲ್ಲ. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಜೊತೆ ಇಟ್ರಾಕೊನಜೋಲ್ ಬಿದ್ದರೆ ಸ್ನಾಯುಗಳಿಗೆ ಪೆಟ್ಟು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಜೊತೆ ಫ್ಲುಕೊನಜೋಲ್ ಸೇರಿದರೆ ಸಕ್ಕರೆ ಥಟ್ಟನೆ ಇಳಿದು ಬೆವರು, ನಡುಕ ಬರಬಹುದು. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟೋಯಿನ್ ಇಟ್ರಾಕೊನಜೋಲನ್ನು ನಿಷ್ಪ್ರಯೋಜಕ ಮಾಡುತ್ತವೆ. ಹೃದಯದ ಪಂಪಿಂಗ್ ಕಡಿಮೆ ಇದೆ ಎಂದು ಹೇಳಿಸಿಕೊಂಡವರಿಗೆ ಗಜಕರ್ಣಕ್ಕಾಗಿ ಇಟ್ರಾಕೊನಜೋಲ್ ಕೊಡುವುದಿಲ್ಲ. ಗರ್ಭಿಣಿಯರು, ಮಗುವಿನ ಯೋಚನೆಯಲ್ಲಿರುವವರು, ಹಾಲೂಡಿಸುವವರು ಸಂಕೋಚಪಡದೆ ಮೊದಲೇ ಹೇಳಬೇಕು. ಕಾಮಾಲೆ ಬಂದುಹೋಗಿದ್ದರೆ ಅದನ್ನೂ.

ಲಿವರ್ ರಕ್ತಪರೀಕ್ಷೆ ಬರೆದುಕೊಟ್ಟರೆ ಸುಮ್ಮನೆ ಖರ್ಚೆಂದು ಬಿಡಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಅನ್ನ ಕಂಡರೆ ಓಕರಿಕೆ ಬಂದರೆ ಅವತ್ತೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇಟ್ರಾಕೊನಜೋಲ್ ನಡೆದಿರುವಾಗ ಕಾಲು ಬಾತು ದಮ್ಮು ಬಂದರೂ ಹಾಗೆಯೇ. ಟರ್ಬಿನಾಫೈನಿನಿಂದ ಕೆಲವರಿಗೆ ನಾಲಿಗೆಯ ರುಚಿ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಚಟ್ನಿಯೂ ಸಪ್ಪೆ. ತಿಳಿಸಿ. ರುಚಿ ಮರಳಲು ವಾರಗಳೇ ಹಿಡಿಯಬಹುದು. ಔಷಧಿ ಮುಗಿಯುವ ತನಕ ಸೆರೆ ಮುಟ್ಟಬೇಡಿ.

ತುರಿಕೆ ನಿಂತಿತೆಂದು ನಿಲ್ಲಿಸಬೇಡಿ

ತುರಿಕೆ ಹತ್ತು ದಿನದಲ್ಲೇ ತಗ್ಗಬಹುದು, ಫಂಗಸ್ ಚರ್ಮದಲ್ಲಿ ಇನ್ನೂ ಇರುತ್ತದೆ. ಈಚಿನ ಹಟಮಾರಿ ಗಜಕರ್ಣಕ್ಕೆ ನಾಲ್ಕರಿಂದ ಎಂಟು ವಾರ ಸಾಮಾನ್ಯ. ಚರ್ಮ ತಿಳಿಯಾದ ಮೇಲೂ ಸುಮಾರು ಎರಡು ವಾರ ಮುಂದುವರಿಸಲು ಹೇಳುತ್ತಾರೆ. ಕಾಲಿನ ಉಗುರಿಗಾದರೆ ಟರ್ಬಿನಾಫೈನ್ 250 ಮಿಲಿಗ್ರಾಂ ದಿನಕ್ಕೊಂದರಂತೆ 12 ವಾರ. ಒಂದು ಹೊತ್ತು ಮರೆತರೆ ಮುಂದಿನ ಊಟದ ಮೇಲೆ ಒಂದೇ ತೆಗೆದುಕೊಳ್ಳಿ, ಜೋಡಿ ನುಂಗಬೇಡಿ. ಎಲ್ಲ ಸರಿಯಾಗಿ ಮಾಡಿಯೂ ನಾಲ್ಕು ವಾರಕ್ಕೆ ಬದಲಾವಣೆ ಕಾಣದಿದ್ದರೆ ತಪ್ಪು ನಿಮ್ಮದೇ ಆಗಿರಬೇಕಿಲ್ಲ: ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಫಂಗಸ್ಸಿನ ಹಲವು ತಳಿಗಳು ಟರ್ಬಿನಾಫೈನಿಗೆ ಮಣಿಯುವುದಿಲ್ಲ. ಆಗ ವೈದ್ಯರು ಔಷಧಿ ಬದಲಿಸಬೇಕು.

ಗುಳಿಗೆಯ ಜೊತೆ ಕ್ಲೊಬೆಟಾಸೋಲ್, ಬೀಟಾಮೆಥಾಸೋನ್ ಬೆರೆತ ಮುಲಾಮು ಹಚ್ಚುತ್ತಿದ್ದರೆ ಚಿಕಿತ್ಸೆಗೆ ನೀವೇ ಕಲ್ಲು ಹಾಕಿಕೊಂಡಂತೆ. ಈ ಸ್ಟಿರಾಯ್ಡ್ ತುರಿಕೆಯನ್ನು ಅಡಗಿಸಿ ಫಂಗಸ್ಸನ್ನು ಬೆಳೆಸುತ್ತದೆ. ಇನ್ನು ಉಡಿದಾರ. ಬೆವರು ಕುಡಿದು ಕಪ್ಪಾದ ಆ ದಾರ ಸೊಂಟದ ಗಜಕರ್ಣಕ್ಕೆ ಮತ್ತೆ ಮತ್ತೆ ಬೀಜ ಬಿತ್ತುತ್ತದೆ. ಚಿಕಿತ್ಸೆ ಶುರುವಾದ ದಿನವೇ ಬಿಚ್ಚಿ ಬಿಸಾಡಿ. ಕಟ್ಟಲೇಬೇಕೆಂದಿದ್ದರೆ ಕೊನೆಯ ಗುಳಿಗೆ ಮುಗಿದ ಮೇಲೆ ಹೊಸದನ್ನು ಕಟ್ಟಿಕೊಳ್ಳಿ.