ಹೊಗೆ ಬಿಡುವ ಗಾಡಿ ಸೀಸನ್ನಿನ ಮೊದಲ ರೇಸ್ ಹೊಡೆದದ್ದು

ಮಾರ್ಚ್ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಹೊರಗೆ ನಡೆದ ಡರ್ಟ್ ರೇಸಿನಲ್ಲಿ ಟೂ ಸ್ಟ್ರೋಕ್ ಕ್ಲಾಸ್ ಗೆದ್ದ ಯಮಹಾ ಆರ್‌ಎಕ್ಸ್ 100 ಬೈಕ್ ನನ್ನ ಗ್ಯಾರೇಜಿನದು. ಓಡಿಸಿದ ಹುಡುಗ ನಮ್ಮ ತಾಲೂಕಿನವನೇ. ಈ ಸೀಸನ್ನಿಗೆ ಅದೇ ಮೊದಲ ರೇಸ್. ಕೊಯಮತ್ತೂರಿನಿಂದ, ಕೇರಳದಿಂದ ಟೆಂಪೋದಲ್ಲಿ ಗಾಡಿ ಹಾಕಿಕೊಂಡು ಬಂದವರಿದ್ದರು. ಅವರ ಒಂದು ಟೂಲ್ ಬಾಕ್ಸ್ ಮಾರಿದರೆ ನನ್ನ ಇಡೀ ಅಂಗಡಿ ಕೊಳ್ಳಬಹುದು. ಆದರೂ ಕಪ್ ಊರು ಬಿಟ್ಟು ಹೋಗಲಿಲ್ಲ.

ಹೋದ ವರ್ಷ ಬಿ.ಬಿ. ರಸ್ತೆಯ ಟೀ ಅಂಗಡಿ ಮುಂದೆ ನಿಂತು ಇದೇ ಗಾಡಿಗೆ "ಹಾಲಿನವನ ಗಾಡಿ" ಅಂತ ಹೆಸರಿಟ್ಟು ನಕ್ಕವರು ಈಗ ಫೋನ್ ಮಾಡಿ "ಜೆಟ್ ಎಷ್ಟು ಹಾಕಿದ್ದೀಯಣ್ಣ" ಅಂತ ಕೇಳುತ್ತಿದ್ದಾರೆ. ಜೆಟ್ ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಗಾಡಿ ಬಿಚ್ಚಿ ಜೋಡಿಸಲು ಬರುವವರಿಗೆ ಮಾತ್ರ ಇದು. ಕಾರ್ಬ್ಯುರೇಟರ್ ಎಲ್ಲಿರುತ್ತೆ ಅಂತ ಕೇಳುವವರು ಇಲ್ಲಿಗೇ ಬಿಟ್ಟುಬಿಡಿ.

ಮೊದಲು ಕಳೆದುಕೊಂಡದ್ದರ ಲೆಕ್ಕ. ಎರಡು ಸೀಸನ್ನಿನಲ್ಲಿ ನಾಲ್ಕು ಸಲ ಎಂಜಿನ್ ಸೀಜ್ ಮಾಡಿದ್ದೇನೆ, ಅಂದರೆ ಬಿಸಿಗೆ ಪಿಸ್ಟನ್ ಒಳಗೇ ಹಿಡಿದುಕೊಂಡಿದೆ. ಎಲ್ಲರ ಹಾಗೆ ನನಗೂ ಪವರ್ ಹುಚ್ಚು. ಲೇತಿನಲ್ಲಿ ಹೆಡ್ ಇಳಿಸಿದೆ. ಪೋರ್ಟ್ ಉಜ್ಜಿದೆ. ವೆಲ್ಡಿಂಗ್‌ನವನನ್ನು ಹಿಡಿದು 6,000 ಕೊಟ್ಟು ಚೇಂಬರ್ ಸೈಲೆನ್ಸರ್ ಮಾಡಿಸಿದೆ. ಗಾಡಿ ಸ್ಟಾರ್ಟ್ ಮಾಡಿದರೆ ಬೀದಿಯೇ ತಿರುಗಿ ನೋಡಬೇಕು, ಹಾಗಿತ್ತು. ಮೊದಲ ಹೀಟ್ (ಫೈನಲ್‌ಗೆ ಮುಂಚಿನ ಓಟ) ಗೆಲ್ಲುತ್ತಿತ್ತು, ಎರಡನೇ ಹೀಟ್‌ನಲ್ಲೂ ಪರವಾಗಿಲ್ಲ. ಫೈನಲ್‌ನ ಮೂರನೇ ರೌಂಡ್ ಬಂದರೆ ಕಿರ್ರ್ ಅಂತ ಹಿಂದಿನ ಚಕ್ರ ಹಿಡಿದು ನಿಲ್ಲುತ್ತಿತ್ತು. ಬಿಚ್ಚಿದರೆ ಪ್ರತಿ ಸಲವೂ ಅದೇ ನೋಟ. ಎಕ್ಸಾಸ್ಟ್ ಕಡೆಗೆ ಪಿಸ್ಟನ್ ಮೇಲೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು.

ಗೀರು ಹೋಗಲು ಬ್ಲಾಕನ್ನು, ಅಂದರೆ ಪಿಸ್ಟನ್ ಓಡುವ ಸಿಲಿಂಡರನ್ನು, ಒಳಗೆ ಕೊರೆಸಿ ಮೊದಲ ಸಲ 50 ಸೈಜ್ ಬೋರ್ ಹೊಡೆಸಿದೆ, ಎರಡನೇ ಸಲ 100. ಅಲ್ಲಿಗೆ ಆ ಬ್ಲಾಕಿನ ಆಯಸ್ಸು ಮುಗಿಯಿತು. 1996ಕ್ಕೇ ತಯಾರಿಕೆ ನಿಂತುಹೋದ ಗಾಡಿ, ಬ್ಲಾಕ್ ಎಲ್ಲಿಂದ ತರುವುದು? ಬೆಂಗಳೂರಿನಲ್ಲಿ ಒಬ್ಬರು ಒರಿಜಿನಲ್ ಅಂತ ಹೇಳಿ 9,000 ತೆಗೆದುಕೊಂಡರು. ಮನೆಗೆ ತಂದು ಕೆರೆದು ನೋಡಿದರೆ ಡೂಪ್ಲಿಕೇಟ್. ಅದೂ ಒಂದು ರೇಸಿಗೇ ಹೋಯಿತು. ಒಟ್ಟು ಖರ್ಚು ನನ್ನ ಲೆಕ್ಕದಲ್ಲಿ 55,000. ಹೆಂಡತಿ ಲೆಕ್ಕದಲ್ಲಿ 70,000. ಅವಳ ಲೆಕ್ಕವೇ ಸರಿ ಇರಬೇಕು.

ಬುದ್ಧಿ ಬಂದದ್ದು ಒಬ್ಬ ಹಾಲಿನ ಯಜಮಾನರ ಗಾಡಿಯಿಂದ. ಸ್ಕಂದಗಿರಿ ತಪ್ಪಲಿನ ಹಳ್ಳಿಯಿಂದ ದಿನಾ ಎರಡು ಹೊತ್ತು ಬರುತ್ತಾರೆ. ಅವರದೂ ಆರ್‌ಎಕ್ಸ್ 100. ಎರಡು ಕಡೆ 40 ಲೀಟರಿನ ಕ್ಯಾನ್, ಮಣ್ಣಿನ ದಾರಿ, ಅರ್ಧ ದೂರ ಸೆಕೆಂಡ್ ಗೇರಿನಲ್ಲೇ ಒದ್ದಾಟ. ಬೇಸಿಗೆಯಲ್ಲಿ ಎಂಜಿನ್ ಪಕ್ಕ ಕಾಲಿಡಲು ಆಗದಷ್ಟು ಬಿಸಿ. ಹದಿನೆಂಟು ವರ್ಷದಲ್ಲಿ ಒಂದೇ ಸಲ ಬೋರ್ ಆಗಿದೆ. ಒಂದು ದಿನವೂ ಸೀಜ್ ಆಗಿಲ್ಲ. ಒಮ್ಮೆ ಸರ್ವಿಸಿಗೆ ಬಂದಾಗ ಕುತೂಹಲಕ್ಕೆ ಕಾರ್ಬ್ಯುರೇಟರ್ ಬಿಚ್ಚಿ ನೋಡಿದೆ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ದೊಡ್ಡ ಜೆಟ್ ಹಾಕಿಬಿಟ್ಟಿದ್ದ. ಅದು ಸಾಲದು ಅಂತ ಯಜಮಾನರು ಆಯಿಲ್ ಪಂಪ್ ಇದ್ದರೂ ಪೆಟ್ರೋಲ್ ಟ್ಯಾಂಕಿಗೆ ಒಂದು ಮುಚ್ಚಳ ಟೂ ಟಿ ಆಯಿಲ್ ಸುರಿಯುತ್ತಿದ್ದರು.

"ಯಾಕೆ ಯಜಮಾನ್ರೇ, ಸುಮ್ನೆ ಆಯಿಲ್ ದಂಡ?" ಅಂದೆ.

"ದಾರೀಲಿ ಗಾಡಿ ನಿಂತು ಹಾಲು ಒಡೆದುಹೋದ್ರೆ ನೀನು ದುಡ್ಡು ಕೊಡ್ತೀಯೇನಪ್ಪ?" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೂ ಬೇಕಿದ್ದದ್ದು ಒಡೆಯದ ಹಾಲೇ ಅಲ್ವಾ? ಮೊದಲ ರೌಂಡಿನಲ್ಲಿ ಎಷ್ಟು ಪವರ್ ಅನ್ನುವುದನ್ನು ಬಿಟ್ಟು, ಕೊನೇ ರೌಂಡಿನಲ್ಲಿ ಎಷ್ಟು ಉಳಿದಿರುತ್ತದೆ ಅಂತ ಯೋಚಿಸಲು ಶುರು ಮಾಡಿದೆ.

ನಮ್ಮೂರ ಹವಾಮಾನ ಹೇಗೆ ಮೋಸ ಮಾಡುತ್ತದೆ ನೋಡಿ. ಪ್ರಾಕ್ಟೀಸ್ ಶನಿವಾರ ಮಧ್ಯಾಹ್ನ. 34 ಡಿಗ್ರಿ ಬಿಸಿಲು, ಗಾಳಿ ತೆಳು, ಗಾಳಿಗಿಂತ ಪೆಟ್ರೋಲ್ ಜಾಸ್ತಿಯಾಗಿ, ಅಂದರೆ ರಿಚ್ ಆಗಿ, ಗಾಡಿ ಮುಕ್ಕರಿಯುತ್ತದೆ. ಅದರಲ್ಲೂ ಕೊಯಮತ್ತೂರಿನವರು 400 ಮೀಟರ್ ಎತ್ತರದ ಊರಿನಲ್ಲಿ ಸೆಟ್ ಮಾಡಿಕೊಂಡು ಬಂದಿರುತ್ತಾರೆ. ನಾವಿರುವುದು 900 ಮೀಟರ್ ಆಸುಪಾಸಿನಲ್ಲಿ. ಅವರ ಗಾಡಿಗಳು ಇನ್ನೂ ಜಾಸ್ತಿ ಮುಕ್ಕರಿಯುತ್ತವೆ. ಎಲ್ಲರೂ ಜೆಟ್ ಇಳಿಸುತ್ತಾರೆ, ಗಾಡಿ ಚಾಕುವಿನ ಹಾಗೆ ಆಗುತ್ತದೆ, ಖುಷಿಯಿಂದ ಮಲಗುತ್ತಾರೆ. ಭಾನುವಾರ ಬೆಳಿಗ್ಗೆ 8ಕ್ಕೆ ಮೊದಲ ಹೀಟ್. ಬೆಟ್ಟದ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿರುತ್ತದೆ. ದಪ್ಪ ಗಾಳಿಗೆ ಸಣ್ಣ ಜೆಟ್. ಪೆಟ್ರೋಲ್ ಸಾಲದೆ, ಅಂದರೆ ಲೀನ್ ಆಗಿ, ಬಿಸಿ ಏರಿ ಪಿಸ್ಟನ್ ಅಲ್ಲೇ ಅರ್ಧ ಸತ್ತಿರುತ್ತದೆ. ಫೈನಲ್‌ನಲ್ಲಿ ಹೆಣ ಬೀಳುತ್ತದೆ, ಅಷ್ಟೆ.

ಇದರ ಮೇಲೆ ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ 20 ಪರ್ಸೆಂಟ್ ಎಥೆನಾಲ್. ಅದೂ ಗಾಡಿಯನ್ನು ಲೀನ್ ಕಡೆಗೇ ಎಳೆಯುತ್ತದೆ. ಹತ್ತು ವರ್ಷದ ಹಿಂದಿನ ಜೆಟ್ ನಂಬರನ್ನು ಬಾಯಿಪಾಠ ಮಾಡಿಕೊಂಡು ಕೂತವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಾನು ಮಾಡಿದ್ದು ಇಷ್ಟು. ಇಳಿಸಿದ ಹೆಡ್ ತೆಗೆದು ಕಂಪನಿ ಹೆಡ್ಡೇ ವಾಪಸ್ ಹಾಕಿದೆ. ಆಯಿಲ್ ಪಂಪ್ ಕಿತ್ತು ಲೀಟರಿಗೆ ಸುಮಾರು 40 ಎಂ.ಎಲ್. ಆಯಿಲ್ ಬೆರೆಸಿದೆ. ಬೇರೆಯವರು 25ರ ಮೇಲೆ ಹೋಗುವುದಿಲ್ಲ. ಆಯಿಲ್ ಜಾಸ್ತಿ ಆದಷ್ಟೂ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಡಿಮೆ ಆಗುತ್ತದೆ, ಅದನ್ನೂ ಸೇರಿಸಿಯೇ ಜೆಟ್ ಏರಿಸಿದೆ. ನಂಬರ್ ಕೇಳಬೇಡಿ, ನಿಮ್ಮ ಸೈಲೆನ್ಸರಿಗೆ ಅದು ಬೇರೆಯೇ ಬರುತ್ತದೆ. ಬೋರಿಗೂ ಪಿಸ್ಟನ್ನಿಗೂ ಗ್ಯಾಪ್ ಮಾಮೂಲಿಗಿಂತ ಒಂದೂವರೆ ಪಟ್ಟು ಬಿಡಿಸಿದೆ. ಲೇತಿನವರು ಒಪ್ಪಲೇ ಇಲ್ಲ. "ಕಟಕಟ ಬಡಿಯುತ್ತೆ, ಆಮೇಲೆ ನನ್ನ ಹೆಸರು ಹೇಳಬೇಡ" ಅಂದರು. ತಣ್ಣಗಿದ್ದಾಗ ಬಡಿಯಿತು ನಿಜ. ಬಿಸಿಯಾದ ಮೇಲೆ ಸದ್ದೇ ಇಲ್ಲ. ಪಿಸ್ಟನ್ ಸ್ಕರ್ಟ್‌ಗೆ (ಅದರ ಕೆಳಭಾಗಕ್ಕೆ) ಇನ್ನೊಂದು ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು.

ಪವರ್ ಸ್ವಲ್ಪ ಕಡಿಮೆ ಆಯಿತು. ಅದಕ್ಕೆ ಹಿಂದಿನ ಚೈನ್ ಸ್ಪ್ರಾಕೆಟ್ ಎರಡು ಹಲ್ಲು ದೊಡ್ಡದು ಹಾಕಿದೆ. ಮೂಲೆಯಿಂದ ಎದ್ದು ಬರಲು ಅಷ್ಟು ಸಾಕು. ಬಟನ್ ಟೈರ್ ಹಳೆಯದೇ.

ಮಧ್ಯೆ ಕೆಲವು ಹುಚ್ಚಾಟಗಳೂ ಆದವು. ಹಳೇ ಕಾಲದ ರೇಸಿನವರು ಹರಳೆಣ್ಣೆ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಅನ್ನುವ ಆಯಿಲ್ ಹೆಸರೇ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ ಬಂದದ್ದು. ನಮ್ಮ ಹೊಲದ ಬದುವಿನಲ್ಲೇ ಹರಳು ಇದೆ, ನೋಡೇಬಿಡೋಣ ಅಂತ ಅರ್ಧ ಲೀಟರ್ ಎಣ್ಣೆ ತಂದು ಬೆರೆಸಿದೆ. ವಾಸನೆ ಅದ್ಭುತ, ಬೀದಿಯ ಮುದುಕರೆಲ್ಲ ಹೊರಗೆ ಬಂದರು. ಒಂದು ವಾರ ಬಿಟ್ಟು ಬಿಚ್ಚಿದರೆ ರಿಂಗ್ ಅಂಟಿನಲ್ಲಿ ಹೂತುಹೋಗಿದೆ. ಉಗುರಲ್ಲಿ ಕಿತ್ತರೂ ಬರಲಿಲ್ಲ. ಇನ್ನೊಂದು ಸಲ ಧೂಳಿಗೆ ಅಂತ ಶಿಡ್ಲಘಟ್ಟದಿಂದ ರೇಷ್ಮೆ ಬಟ್ಟೆ ತುಂಡು ತಂದು ಏರ್ ಫಿಲ್ಟರಿಗೆ ಸುತ್ತಿದೆ. ಒಣ ಟ್ರ್ಯಾಕಿನಲ್ಲಿ ಚೆನ್ನಾಗಿತ್ತು. ಟ್ಯಾಂಕರಿನವನು ನೀರು ಹೊಡೆದ ತಕ್ಷಣ ಕೆಸರು ಮೆತ್ತಿ ಉಸಿರೇ ಕಟ್ಟಿತು. ಈಗ ಫೋಮ್ ಫಿಲ್ಟರಿಗೆ ಆಯಿಲ್ ಸವರಿ, ಮೇಲೆ ಹಳೇ ಸೊಳ್ಳೆಪರದೆಯ ತುಂಡು. ಖರ್ಚು ಸೊನ್ನೆ. ಆಯಿಲ್ ಕ್ಯಾನ್ ಕತ್ತರಿಸಿ ಹೆಡ್ಡಿಗೆ ಗಾಳಿ ತಿರುಗಿಸುವ ಕೊಳವೆಯನ್ನೂ ಮಾಡಿದ್ದೆ. ಅದರ ವಿಷಯ ಬಿಡಿ, ಮುಂದಿನ ಚಕ್ರದ ಮಣ್ಣೆಲ್ಲ ಅದರೊಳಗೇ ತುಂಬಿತು.

ಇನ್ನು ಓಡಿಸುವವನ ವಿಷಯ. ಗಾಡಿ ಬಿಸಿ ತಡೆದರೆ ಸಾಲದು, ಹುಡುಗ ತಡೆಯಬೇಕು. ಅವನಿಗೆ ಅರ್ಜೆಂಟೀನಾದ ಕಾರ್ ರೇಸರ್ ಫಾಂಜಿಯೋ ಕಥೆ ಹೇಳಿದೆ. 1955ರ ಜನವರಿ 16, ಬ್ಯೂನಸ್ ಐರಿಸ್, ಆ ವರ್ಷದ ಮೊದಲ ಫಾರ್ಮುಲಾ ಒನ್ ರೇಸ್. 96 ರೌಂಡ್, ಮೂರು ಗಂಟೆ. ಆ ಬಿಸಿಲಿಗೆ ತಡೆಯಲಾರದೆ ಡ್ರೈವರ್‌ಗಳು ಕಾರಿನಿಂದ ಇಳಿದಿಳಿದು ಸೀಟು ಬದಲಾಯಿಸಿಕೊಂಡರು. ಎರಡನೇ ಸ್ಥಾನ ಬಂದ ಫೆರಾರಿಯನ್ನು ಮೂವರು ಸೇರಿ ಓಡಿಸಿದ್ದರು. ಕೊನೆತನಕ ಒಬ್ಬರೇ ಓಡಿಸಿದವರು ಇಬ್ಬರು, ಫಾಂಜಿಯೋ ಮತ್ತು ಮೀರೆಸ್. ಇಬ್ಬರೂ ಅದೇ ದೇಶದವರು. ಕಾದ ಚಾಸಿ ಪೈಪಿಗೆ ತಗುಲಿ ಫಾಂಜಿಯೋ ಕಾಲು ಸುಟ್ಟಿತ್ತು, ಆದರೂ ಗೆದ್ದ. ಬಾಲ್ಕಾರ್ಸೆ ಅನ್ನುವ ಸಣ್ಣ ಊರಿನ ಮೆಕ್ಯಾನಿಕ್ ಅವನು. ಈ ಕೊನೇ ಮಾತನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ತಿಂಗಳು ಹುಡುಗನಿಗೆ ಮಧ್ಯಾಹ್ನ 1ಕ್ಕೇ ಪ್ರಾಕ್ಟೀಸ್. ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡೇ. ಮೊದಲ ವಾರ ವಾಂತಿ ಮಾಡಿದ. ಅವರಮ್ಮ ಬಂದು ನನಗೆ ಬೈದು ಹೋದರು. ಎನರ್ಜಿ ಡ್ರಿಂಕ್ ಬಿಡಿಸಿ ಬೆಳಿಗ್ಗೆ ರಾಗಿ ಅಂಬಲಿ, ಆಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಟ್ಟೆ. ಮೂರನೇ ವಾರಕ್ಕೆ ಅವನೇ "ಅಣ್ಣಾ, ಇನ್ನೊಂದು ಐದು ರೌಂಡ್ ಹೊಡೀಲಾ?" ಅನ್ನಲು ಶುರು ಮಾಡಿದ.

ರೇಸ್ ದಿನ ಬೆಳಗಿನ ಹೀಟ್‌ನಲ್ಲಿ ನಮ್ಮದು ನಾಲ್ಕನೇ ಸ್ಥಾನ. ಹಿಂದೆ ಹೊಗೆಯ ಮೋಡ. ಮೈಕ್ ಹಿಡಿದವನೂ ಸೊಳ್ಳೆ ಓಡಿಸುವ ಮಿಷನ್ ಬಂತು ಅಂತ ತಮಾಷೆ ಮಾಡಿದ. ಎರಡನೇ ಹೀಟ್‌ನಲ್ಲಿ ಮೂರನೇ ಸ್ಥಾನ. ಫೈನಲಿಗೆ ಅಷ್ಟು ಸಾಕಿತ್ತು. ಬೇರೆಯವರು ಹೀಟಿಗೊಂದು ಸಲ ಜೆಟ್ ಬದಲಾಯಿಸುತ್ತಿದ್ದರು. ನಾನು ಬೇಲಿ ಪಕ್ಕ ಕೂತು ಕಲ್ಲಂಗಡಿ ತಿಂದೆ.

ಫೈನಲ್ 3 ಗಂಟೆಗೆ, 8 ರೌಂಡ್. ಹೊರಗಿನ ಎರಡು ಗಾಡಿ ಮುಂದೆ. ನಮ್ಮವನು ಐದನೆಯವನು, ಆಮೇಲೆ ನಾಲ್ಕು. ಐದನೇ ರೌಂಡಿನಲ್ಲಿ ಮೊದಲಿದ್ದ ಗಾಡಿ ನನ್ನ ಮುಂದೆಯೇ ಹೋಯಿತು. ಅದರ ಸದ್ದಿನಲ್ಲಿ ಸಣ್ಣಗೆ ಗೋಲಿ ಅಲ್ಲಾಡಿಸಿದ ಹಾಗೆ ಟಿಣಿಟಿಣಿ. ನನಗೆ ಗೊತ್ತಾಯಿತು. ನಾಲ್ಕು ಸಲ ಕೇಳಿದ ಸದ್ದು ಅದು. ನೇರ ದಾರಿಯ ಕೊನೆಯಲ್ಲಿ ಹಿಂದಿನ ಚಕ್ರ ಹಿಡಿಯಿತು, ಸವಾರ ಜಾರಿ ಬಿದ್ದ. ಏಟಾಗಲಿಲ್ಲ ಪುಣ್ಯಕ್ಕೆ. ಇನ್ನೊಬ್ಬ ತೋಳು ಸೋತು ಮೂಲೆಗಳಲ್ಲಿ ಹೊರಗೆ ಹೋಗುತ್ತಿದ್ದ. ನಮ್ಮವನ ಗಾಡಿ ಮೊದಲ ರೌಂಡಿನಲ್ಲಿ ಹೇಗಿತ್ತೋ ಹಾಗೇ ಬೊರ್ರ್ ಅನ್ನುತ್ತಿತ್ತು. ಏಳನೇ ರೌಂಡಿನ ಎಡ ತಿರುವಿನಲ್ಲಿ ಒಳಗಿನಿಂದ ನುಗ್ಗಿದ. ಗೆದ್ದದ್ದು ಎಷ್ಟು ಅಂತರದಲ್ಲಿ ಅಂತ ಹೇಳಲಾರೆ, ಅಷ್ಟು ಹೊತ್ತಿಗೆ ನನ್ನ ಕಣ್ಣಿನ ತುಂಬ ಧೂಳಿತ್ತು.

ಗಾಡಿ ನಿಂತ ತಕ್ಷಣ ಪ್ಲಗ್ ಬಿಚ್ಚಿದೆ. ಒಳ್ಳೇ ಕಾಫಿಪುಡಿ ಬಣ್ಣ, ಅಂಚಿನಲ್ಲಿ ಸ್ವಲ್ಪ ಕಪ್ಪು. ಲೀನ್ ಆಗಿರಲಿಲ್ಲ ಅಂತ ಅರ್ಥ. ಸುತ್ತ ನಿಂತವರು ಒಬ್ಬರಿಂದ ಒಬ್ಬರು ಇಸಿದುಕೊಂಡು ನೋಡಿದರು. ಆ ಪ್ಲಗ್ ಯಾರ ಜೇಬಿಗೆ ಹೋಯಿತೋ, ವಾಪಸ್ ಬರಲಿಲ್ಲ.

ಬಹುಮಾನ 20,000. ಎಂಟ್ರಿ, ಪೆಟ್ರೋಲ್, ಊಟ ಕಳೆದು ಹುಡುಗನಿಗೆ 10,000 ಕೊಟ್ಟೆ. ಉಳಿದದ್ದು ಸುಮಾರು 5,000. ಹಳೇ ಸಾಲಕ್ಕೆ ಅದು ಯಾವ ಮೂಲೆಗೂ ಸಾಲದು. ಆದರೆ ಈಗ ಮೂರು ಎಂಜಿನ್ ಕೆಲಸಕ್ಕೆ ಬಂದು ಕೂತಿವೆ, ಅಡ್ವಾನ್ಸ್ ಕೊಟ್ಟೇ ಹೋಗಿದ್ದಾರೆ. ಅದರಲ್ಲಿ ಒಂದು ಟೀ ಅಂಗಡಿ ಮುಂದೆ ನಕ್ಕವನದು.

ಸೋಮವಾರ ಬೆಳಿಗ್ಗೆ ಶಟರ್ ತೆಗೆಯುವ ಮೊದಲೇ ಹಾಲಿನ ಯಜಮಾನರು ನಿಂತಿದ್ದರು. ಕ್ಲಚ್ ಕೇಬಲ್ ಕಡಿದಿತ್ತು. ನಿಮ್ಮ ಗಾಡಿ ನೋಡಿಯೇ ರೇಸ್ ಗೆದ್ದೆ ಯಜಮಾನ್ರೇ ಅಂದರೆ, "ಆಯ್ತು ಬಿಡು, ಬೇಗ ಕೇಬಲ್ ಹಾಕು, ಬಿಸಿಲೇರ್ತಾ ಇದೆ" ಅಂದರು. ಹಾಕಿದೆ. ಕೇಬಲ್ ದುಡ್ಡು 180 ಇನ್ನೂ ಬಾಕಿ.