ಬಾದಾಮಿಯ ಬಂಡೆಗೆ ಮನೆಯ ಸೈಕಲ್ಲಿನ ಮೇಲೆ ತಯಾರಿ

ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಬೆಳಗಿನ ಮೊದಲೆರಡು ರೂಟ್ (ಬಂಡೆ ಹತ್ತುವ ದಾರಿ) ಸಲೀಸಾಗಿ ಮುಗಿಸಿದವರು ಮೂರನೆಯದರ ಅರ್ಧಕ್ಕೇ ಹಗ್ಗಕ್ಕೆ ಜೋತುಬೀಳುವುದುಂಟು. ಮುಂಗೈ ಕೊರಡಿನಂತೆ ಬಿಗಿದು, ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಹತ್ತುವವರು ಇದಕ್ಕೆ ‘ಪಂಪ್’ ಎನ್ನುತ್ತಾರೆ. ಟ್ರೆಡ್‌ಮಿಲ್ ಮೇಲೆ ಎಷ್ಟು ಓಡಿದರೂ ಇದು ನೇರವಾಗಿ ಕಡಿಮೆಯಾಗುವುದಿಲ್ಲ. ಬಲವಾಗಿ ಹಿಡಿದಾಗ ಸ್ನಾಯು ತನ್ನ ರಕ್ತನಾಳಗಳನ್ನು ತಾನೇ ಹಿಚುಕುತ್ತದೆ. ಗುಂಡಿಗೆ ಎಷ್ಟು ಗಟ್ಟಿಯಿದ್ದರೂ ಆ ಹೊತ್ತಿಗೆ ಅಲ್ಲಿಗೆ ರಕ್ತ ಸರಿಯಾಗಿ ಹೋಗದು. ಕಾಲಿನ ವ್ಯಾಯಾಮದಿಂದ ಬೆಳೆಯುವ ಸೂಕ್ಷ್ಮ ರಕ್ತನಾಳಗಳು ಕಾಲಿನಲ್ಲೇ ಉಳಿಯುತ್ತವೆ, ಮುಂಗೈಗೆ ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ವ್ಯಾಯಾಮದ ಯಂತ್ರ ಯಾಕೆ ಬೇಕು? ಚೇತರಿಕೆಗೆ. ನಡುವೆ ಒಳ್ಳೆಯ ಹಿಡಿತ ಸಿಕ್ಕು ಕೈ ಕೊಡವಿಕೊಳ್ಳುವಾಗ ಉಸಿರು ಬೇಗ ಹದಕ್ಕೆ ಬರಬೇಕು. ಒಂದು ರೂಟ್ ಮುಗಿಸಿ ಇನ್ನೊಂದಕ್ಕೆ ಸಜ್ಜಾಗಬೇಕು. ಹಗ್ಗ, ನೀರು ಹೊತ್ತು ಗುಡ್ಡದ ಬುಡ ಮುಟ್ಟುವಷ್ಟರಲ್ಲೇ ಸುಸ್ತಾಗಬಾರದು.

ಯಾವ ಯಂತ್ರ? ನಮ್ಮ ಕಡೆಯ ಕರೆಂಟಿನ ಪಾಡು ನೋಡಿದರೆ ನಿಂತಲ್ಲೇ ತುಳಿಯುವ, ಅಯಸ್ಕಾಂತದಿಂದ ಬಿಗಿ ಕೊಡುವ ಮ್ಯಾಗ್ನೆಟಿಕ್ ಸೈಕಲ್ಲೇ ವಾಸಿ. ಬಹುತೇಕ ಮಾದರಿಗಳಿಗೆ ಪ್ಲಗ್ಗೇ ಬೇಕಿಲ್ಲ. ಸೀಟಿನ ಎತ್ತರ ಮೊದಲು ಸರಿಪಡಿಸಿ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು; ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರಬೇಕು. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಸೊಂಟ ಅತ್ತಿತ್ತ ಹೊಯ್ದಾಡುತ್ತದೆ.

ಟ್ರೆಡ್‌ಮಿಲ್ ಇದ್ದರೆ ಓಡಬೇಡಿ, ಏರಿನಲ್ಲಿ ನಡೆಯಿರಿ: ಇಳಿಜಾರು 10–12%, ವೇಗ ಗಂಟೆಗೆ 4.5–5 ಕಿ.ಮೀ. ಹಿಡಿಕೆಗೆ ಜೋತುಬಿದ್ದರೆ ಏರಿನ ಲಾಭವೆಲ್ಲ ಸೋರಿಹೋಗುತ್ತದೆ. ಹಿಡಿಯದೆ ಆಗುವುದಿಲ್ಲ ಎಂದಾದರೆ ವೇಗ ಇಳಿಸಿ. ಯಂತ್ರಕ್ಕೆ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರಿನಲ್ಲಿ ಓಡಿಸಿದರೆ ವೈರ್ ಬಿಸಿಯಾಗುತ್ತದೆ, ಮೋಟಾರೂ ಸೊರಗುತ್ತದೆ. ಬೆಲ್ಟಿನಡಿ ಸಿಲಿಕೋನ್ ಎಣ್ಣೆಯನ್ನೇ ಹಾಕಿ; ಅಡುಗೆ ಎಣ್ಣೆಯೋ ಗ್ರೀಸೋ ಹಾಕಿದರೆ ಎರೆನೆಲದ ದೂಳೆಲ್ಲ ಅಲ್ಲೇ ಅಂಟಿ ಕೂರುತ್ತದೆ.

ದೋಣಿಯ ಹುಟ್ಟು ಎಳೆದಂತೆ ಎಳೆಯುವ ರೋಯಿಂಗ್ ಯಂತ್ರ ಬೆನ್ನಿಗೆ ಒಳ್ಳೆಯದೇ, ಆದರೆ ಹಿಡಿಕೆಯನ್ನು ಬಿಗಿಯಾಗಿ ಹಿಡಿಯುವುದು ಹತ್ತುವವರ ಚಟ. ಬೆರಳುಗಳನ್ನು ಕೊಕ್ಕೆಯಂತೆ ಸಡಿಲವಾಗಿ ಸಿಕ್ಕಿಸಿ, ಮಣಿಕಟ್ಟು ನೇರವಿಟ್ಟು, ನಿಮಿಷಕ್ಕೆ 20–22 ಎಳೆತ ಸಾಕು. ಬಂಡೆಗೆ ಹೋಗುವ ಹಿಂದಿನ ದಿನ ಅದನ್ನು ಮುಟ್ಟಬೇಡಿ.

ಬಾದಾಮಿಯ ಹಂಗಾಮು ನವೆಂಬರ್‌ನಿಂದ ಫೆಬ್ರುವರಿ. ಸೆಪ್ಟೆಂಬರ್ ಮೊದಲ ವಾರ ಶುರುಮಾಡಿದರೆ ನವೆಂಬರ್ ನಡುವಿನ ಹೊತ್ತಿಗೆ ಕೈಯಲ್ಲಿ 10 ವಾರ ಸಿಗುತ್ತವೆ. ಮೊದಲ 6 ವಾರ ಬರೀ ನಿಧಾನದ ಕೆಲಸ: ವಾರಕ್ಕೆ 3 ದಿನ, 30 ನಿಮಿಷದಿಂದ ಆರಂಭಿಸಿ ವಾರಕ್ಕೆ 5 ನಿಮಿಷ ಏರಿಸುತ್ತ ಹೋಗಿ. 180ರಿಂದ ವಯಸ್ಸು ಕಳೆದರೆ ಈ ನಿಧಾನದ ಕೆಲಸದಲ್ಲಿ ನಾಡಿಬಡಿತದ ಮೇಲ್ಮಿತಿಯ ಒಂದು ಸ್ಥೂಲ ಅಂದಾಜು. 30 ವರ್ಷದವರಿಗೆ 150. ಅದಕ್ಕಿಂತ ನಂಬಬಹುದಾದ ಅಳತೆ ಬಾಯಿ: ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನ ಬೇಸರವೆಂದು ದಿನಾ ಅರೆಬರೆ ಜೋರಿನಲ್ಲಿ ತುಳಿಯುತ್ತಾರೆ. ದಣಿವು ಒಟ್ಟುಗೂಡಿ ವಾರದ ಕೊನೆಗೆ ಬೆರಳಿನಲ್ಲಿ ಕಸುವೇ ಇರುವುದಿಲ್ಲ.

7ನೇ ವಾರದಿಂದ ಒಂದು ದಿನವನ್ನು ಜೋರಿಗೆ ಬದಲಿಸಿ: 10 ನಿಮಿಷ ಮೈ ಬಿಸಿಮಾಡಿ, 4 ನಿಮಿಷ ಜೋರು, 3 ನಿಮಿಷ ಹಗುರ, ಹೀಗೆ 4 ಸಲ. ಜೋರಿನಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲಾಗಬಾರದು, ಆದರೆ ನಾಲ್ಕನೆಯದೂ ಮೊದಲನೆಯದರ ವೇಗದಲ್ಲೇ ಮುಗಿಯಬೇಕು. ಗುಂಡಿಗೆಯ ತೊಂದರೆ, ಬಿ.ಪಿ. ಇದ್ದವರು ಡಾಕ್ಟರರನ್ನು ಕೇಳದೆ ಇದಕ್ಕೆ ಇಳಿಯಬೇಡಿ.

ಮುಂಗೈಯನ್ನೂ ಇದರಲ್ಲೇ ಸೇರಿಸಬಹುದು. ಸೈಕಲ್ ಪಕ್ಕದ ಬಾಗಿಲಿಗೆ ಗಟ್ಟಿಯಾದ ಪುಲ್‌ಅಪ್ ಬಾರ್ ಹಾಕಿ, ಕೆಳಗೆ ಸ್ಟೂಲ್ ಇಡಿ. ಒಂದು ಕಾಲು ಸ್ಟೂಲ್ ಮೇಲಿಟ್ಟು ಭಾರ ತಗ್ಗಿಸಿ, 7 ಸೆಕೆಂಡ್ ಜೋತು 3 ಸೆಕೆಂಡ್ ಬಿಡಿ. ಇದು 6 ಸಲ. ತಕ್ಷಣ ಸೈಕಲ್ ಏರಿ 3 ನಿಮಿಷ ಹಗುರ ತುಳಿಯಿರಿ, ಕೈ ಇಳಿಬಿಟ್ಟು ಕೊಡವುತ್ತಿರಿ. ಒಟ್ಟು 5 ಸುತ್ತು, ವಾರಕ್ಕೆ ಎರಡೇ ದಿನ. ಕೊನೆಯ ಸುತ್ತಿನಲ್ಲಿ ಮುಂಗೈ ಬೆಚ್ಚಗಾಗಿ ತುಂಬಿದಂತಿರಬೇಕು, ಬೆರಳು ಬಿಚ್ಚುವಂತಾಗಬಾರದು. ಹಾಗೇನಾದರೂ ಆದರೆ ಸ್ಟೂಲಿಗೆ ಇನ್ನಷ್ಟು ಭಾರ ಕೊಡಿ. ಬೆರಳಿನ ಸ್ನಾಯುರಜ್ಜು ಗುಂಡಿಗೆಯಷ್ಟು ಬೇಗ ಗಟ್ಟಿಯಾಗುವುದಿಲ್ಲ. ಬೆರಳ ಬುಡದಲ್ಲಿ ಚುಚ್ಚುವ ನೋವು ಬಂದರೆ ಅಂದೇ ನಿಲ್ಲಿಸಿ.

ಬೇಸಿಗೆಯಲ್ಲೂ ಮುಂದುವರಿಸುವವರು ಬೆಳಗಿನ 6ಕ್ಕೇ ಮುಗಿಸುವುದು ಲೇಸು. 40 ಡಿಗ್ರಿ ಬಿಸಿಲಿನ ದಿನ ಅದೇ ಶ್ರಮಕ್ಕೆ ನಾಡಿಬಡಿತ ಏರುತ್ತದೆ, ಆಗ ಭಾರ ಇಳಿಸಿ. ಫ್ಯಾನ್ ಎದುರಿಗಿರಲಿ, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಎರಡು ರೊಟ್ಟಿ, ಕಾಳು ಪಲ್ಯ ತಿಂದು ಸೈಕಲ್ ಏರಲು ಕನಿಷ್ಠ 2 ಗಂಟೆ ಬಿಡಬೇಕು.

ಹೊರಡುವ ವಾರ ಎಲ್ಲವನ್ನೂ ಅರ್ಧಕ್ಕಿಳಿಸಿ. ಕೊನೆಯ 2 ದಿನ 20 ನಿಮಿಷದ ಹಗುರ ತುಳಿತ ಮಾತ್ರ. ಪುಲ್‌ಅಪ್ ಬಾರ್‌ಗೆ ಕೈ ಹಚ್ಚಬೇಡಿ. ಮಳೆ ಬಿದ್ದಿದ್ದರೆ ಹೋಗುವ ದಿನವನ್ನೇ ಮುಂದೂಡಿ: ನೆಂದ ಮರಳುಗಲ್ಲಿನ ಹಿಡಿತಗಳು ಕೈಯಲ್ಲೇ ಮುರಿದು ಬರುತ್ತವೆ.